ಖಾಲಿ ಹೊಲದ ಉಪವಾಸ: ಹೊದಿಕೆ ಬೆಳೆ ಮಣ್ಣಿನೊಳಗೆ ಮಾಡುವುದೇನು?

2025ರ ಜುಲೈ-ಆಗಸ್ಟ್‌ನಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ರೈತರು ಯೂರಿಯಾ ಚೀಲಕ್ಕಾಗಿ ಸಾಲು ನಿಂತರು. ಮಳೆ ಬೇಗ ಬಂದಿತ್ತು, ಮೆಕ್ಕೆಜೋಳದ ಬಿತ್ತನೆ ಏರಿತ್ತು, ಬಂದ ಗೊಬ್ಬರ ಸಾಲಲಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಅಪ್ಸೆಣಬು (ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ದ್ವಿದಳ ಗಿಡ) ಬಿತ್ತಿ ಮಣ್ಣಿಗೆ ಸೇರಿಸಿದ್ದರೆ ಯೂರಿಯಾ ಯಾಕೆ ಬೇಕಿತ್ತು? ಗಾಳಿಯಲ್ಲೇ ಬೇಕಾದಷ್ಟು ಸಾರಜನಕ ಇದೆಯಲ್ವಾ?

ಇದೆ. ಒಂದು ಎಕರೆ ನೆಲದ ಮೇಲಿನ ಗಾಳಿಯಲ್ಲಿ ಸುಮಾರು 30 ಸಾವಿರ ಟನ್ ಸಾರಜನಕ ಇದೆ. ದ್ವಿದಳ ಗಿಡದ ಬೇರುಗಂಟಿನಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಇದನ್ನು ತೋರಿಸಿಕೊಟ್ಟ ಮೇಲೆ ಆ ಬಗ್ಗೆ ತಕರಾರು ಉಳಿದಿಲ್ಲ. ತಕರಾರು ಇರುವುದು ದುಡ್ಡಿನ ಲೆಕ್ಕದಲ್ಲಿ.

ಲೆಕ್ಕ ಹಾಕಿಯೇ ನೋಡೋಣ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಹತ್ತಿರ ಹತ್ತಿರ 21 ಕೆಜಿ ಸಾರಜನಕ ಇರುತ್ತದೆ. ರೈತನಿಗೆ ಅದರ ಬೆಲೆ ಸುಮಾರು 266 ರೂಪಾಯಿ. ಅದರ ಹಲವು ಪಟ್ಟು ಹಣವನ್ನು ಸರ್ಕಾರ ಸಬ್ಸಿಡಿಯಾಗಿ ತುಂಬುತ್ತದೆ, ಆ ಮಾತು ಬೇರೆ. ಅಪ್ಸೆಣಬು ಚೆನ್ನಾಗಿ ಬಂದರೆ ಎಕರೆಗೆ 25ರಿಂದ 40 ಕೆಜಿ ಸಾರಜನಕ ಮಣ್ಣಿಗೆ ಸೇರುತ್ತದೆ. ಅಂದರೆ ಒಂದೂಕಾಲರಿಂದ ಎರಡು ಚೀಲ. ಅದೂ ಪೂರ್ತಿ ಮುಂದಿನ ಬೆಳೆಯ ಬಾಯಿಗೆ ಹೋಗುವುದಿಲ್ಲ, ಸ್ವಲ್ಪ ಸಿಗುತ್ತದೆ, ಮಿಕ್ಕಿದ್ದು ಮಣ್ಣಿನಲ್ಲಿ ಉಳಿಯುತ್ತದೆ ಅಥವಾ ಹಾರಿ, ಸೋರಿ ಹೋಗುತ್ತದೆ. ಇನ್ನೊಂದು ಕಡೆ ಬೀಜದ ದುಡ್ಡು, ಬಿತ್ತನೆಗೊಮ್ಮೆ ಮತ್ತು ಮಣ್ಣಿಗೆ ಸೇರಿಸಲು ಇನ್ನೊಮ್ಮೆ ಟ್ರ್ಯಾಕ್ಟರ್ ಬಾಡಿಗೆ. ಐನೂರು ರೂಪಾಯಿಯ ಗೊಬ್ಬರ ಉಳಿಸಲು ಅದಕ್ಕಿಂತ ಜಾಸ್ತಿ ಖರ್ಚು.

ಹಾಗಾಗಿ ಹಸಿರೆಲೆ ಗೊಬ್ಬರ ಬೆಳೆಸದ ರೈತನನ್ನು ಸೋಮಾರಿ ಅನ್ನುವುದು ಸುಮ್ನೆ ಬಾಯಿಚಪಲ. ಅವನ ಲೆಕ್ಕ ಸರಿಯಾಗಿಯೇ ಇದೆ. ನನಗೆ ಅನ್ನಿಸುವುದು, ನಾವು ಅವನ ಕೈಗೆ ಕೊಟ್ಟಿರುವ ತಕ್ಕಡಿಯೇ ತಪ್ಪು ಅಂತ. ಅಪ್ಸೆಣಬಿನಂಥ ಹೊದಿಕೆ ಬೆಳೆಯನ್ನು, ಅಂದರೆ ಮುಖ್ಯ ಬೆಳೆ ಇಲ್ಲದ ಕಾಲದಲ್ಲಿ ನೆಲ ಮುಚ್ಚಲು ಹಾಕುವ ಬೆಳೆಯನ್ನು, ಯೂರಿಯಾ ಚೀಲದ ಎದುರು ತೂಗಿದರೆ ಅದು ಸೋಲುತ್ತದೆ. ಅದರ ದೊಡ್ಡ ಕೆಲಸ ನಡೆಯುವುದು ಬೇರೆ ಕಡೆ.

ಏಳು ತಿಂಗಳ ಉಪವಾಸ

ತುಮಕೂರು, ಕೋಲಾರ, ಬೆಂಗಳೂರು ಗ್ರಾಮಾಂತರದ ಮಳೆಯಾಶ್ರಿತ ರಾಗಿ ಹೊಲ ನೋಡಿ. ನವೆಂಬರ್-ಡಿಸೆಂಬರ್‌ನಲ್ಲಿ ಕೊಯ್ಲು. ಮುಂದಿನ ಬಿತ್ತನೆ ಜುಲೈಗೆ. ನಡುವೆ ಏಳು ತಿಂಗಳು ನೆಲ ಖಾಲಿ. ಏಪ್ರಿಲ್ ಬಿಸಿಲಿಗೆ ಬೋಳು ಕೆಂಪು ಮಣ್ಣಿನ ಮೇಲ್ಪದರ 50 ಡಿಗ್ರಿ ದಾಟುವುದುಂಟು. ಕೂಳೆಯನ್ನೂ ದನ ಮೇಯ್ದಿರುತ್ತದೆ.

ನಮ್ಮ ಕಣ್ಣಿಗೆ ಅದು ವಿಶ್ರಾಂತಿ. "ಭೂಮಿಗೆ ಸ್ವಲ್ಪ ಬಿಡುವು ಕೊಡಬೇಕು" ಅಂತ ಹಿರಿಯರು ಹೇಳುತ್ತಿದ್ದರು. ಆದರೆ ಅವರ ಕಾಲದ ಬೀಡು ಹೊಲದಲ್ಲಿ ಹುಲ್ಲು, ಗರಿಕೆ, ಕಾಡು ಅವರೆ, ತುಂಬೆ ಎಲ್ಲ ಇರುತ್ತಿದ್ದವು. ಉಳುಮೆ ಮಾಡಿ, ಕಳೆನಾಶಕ ಹೊಡೆದು ಬೋಳು ಮಾಡಿದ ಹೊಲ ವಿಶ್ರಾಂತಿಯಲ್ಲಿ ಇರುವುದಿಲ್ಲ. ಅಲ್ಲಿ ಉಪವಾಸ ನಡೆದಿರುತ್ತದೆ.

ಯಾರ ಉಪವಾಸ? ಒಂದು ಚಮಚ ಒಳ್ಳೆಯ ಮಣ್ಣಿನಲ್ಲಿ ನೂರು ಕೋಟಿ ಆಸುಪಾಸು ಬ್ಯಾಕ್ಟೀರಿಯಾ ಇರುತ್ತವೆ. ಅವುಗಳ ಜೊತೆಗೆ ಶಿಲೀಂಧ್ರದ ಎಳೆಗಳು, ಇವನ್ನೆಲ್ಲ ತಿನ್ನುವ ಇನ್ನಷ್ಟು ಸಣ್ಣ ಜೀವಿಗಳು. ಇವುಗಳಲ್ಲಿ ಬಹುಪಾಲು ಯಾವಾಗಲೂ ನಿದ್ದೆಯಲ್ಲೇ ಇರುತ್ತವೆ. ಊಟ ಬಂದಾಗ ಏಳುತ್ತವೆ. ಊಟ ಬರುವುದು ಮುಖ್ಯವಾಗಿ ಜೀವಂತ ಬೇರಿನಿಂದ. ಗಿಡ ಬಿಸಿಲಿನಲ್ಲಿ ಮಾಡಿದ ಅಡುಗೆಯಲ್ಲಿ ಒಂದು ಒಳ್ಳೆಯ ಪಾಲನ್ನು ಬೇರಿನ ಮೂಲಕ ಸಕ್ಕರೆ, ಆಮ್ಲ, ಅಂಟು ಇತ್ಯಾದಿಗಳಾಗಿ ಮಣ್ಣಿಗೆ ಒಸರುತ್ತದೆ. ಬೇರಿನ ಸುತ್ತಲಿನ ಈ ಕೆಲವೇ ಮಿಲಿಮೀಟರ್ ಜಾಗದ ಗದ್ದಲಕ್ಕೆ 1904ರಲ್ಲೇ ಜರ್ಮನಿಯ ಲೊರೆಂಝ್ ಹಿಲ್ಟ್ನರ್ 'ರೈಜೊಸ್ಫಿಯರ್' ಅಂತ ಹೆಸರಿಟ್ಟರು. ಬೇರಿನ ಬೀದಿ ಅನ್ನಬಹುದು. ಕೊಯ್ಲಾಗಿ ಬೇರು ಸತ್ತರೆ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದಂತೆ.

ಮುಖ್ಯ ಬೆಳೆ ಇಲ್ಲದ ಕಾಲದಲ್ಲಿ ಈ ಬೀದಿಯನ್ನು ತೆರೆದಿಡಲು ಹಾಕುವುದೇ ಹೊದಿಕೆ ಬೆಳೆ. ಅದನ್ನು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಹಸಿರೆಲೆ ಗೊಬ್ಬರ. ಸೇರಿಸದೆ ಮೇಲೆಯೇ ಮಲಗಿಸಿದರೆ ಮುಚ್ಚಿಗೆ. ಕೊಯ್ದು ಕಾಳು ಬಿಡಿಸಿಕೊಂಡರೆ, ಅದು ನಮ್ಮ ಹುರುಳಿ!

2020ರಲ್ಲಿ ಹಲವು ದೇಶಗಳ 60 ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದ ಒಂದು ವಿಶ್ಲೇಷಣೆ ಬಂತು. ಬೋಳು ಬಿಟ್ಟ ನೆಲಕ್ಕೆ ಹೋಲಿಸಿದರೆ ಹೊದಿಕೆ ಬೆಳೆಯ ನೆಲದಲ್ಲಿ ಸೂಕ್ಷ್ಮಜೀವಿಗಳ ಪ್ರಮಾಣ 27% ಜಾಸ್ತಿ, ಅವುಗಳ ಚಟುವಟಿಕೆ 22% ಜಾಸ್ತಿ. ಆದರೆ ಜೀವಿಗಳ ವೈವಿಧ್ಯ ಬರೀ 2.5% ಜಾಸ್ತಿ.

ಈ ಮೂರನೇ ಅಂಕಿಯ ಮೇಲೆ ನನಗೆ ಕಣ್ಣು. ಹೊದಿಕೆ ಬೆಳೆಯಿಂದ ಹೊಸ ನೆಂಟರು ಅಷ್ಟಾಗಿ ಬರುವುದಿಲ್ಲ. ಮನೆಯಲ್ಲಿ ಮಲಗಿದ್ದವರೇ ಎದ್ದು, ಉಂಡು, ಸಂಸಾರ ಬೆಳೆಸುತ್ತಾರೆ. ಇದು ಗೊತ್ತಿದ್ದರೆ ಬಾಟಲಿಯಲ್ಲಿ, ಪ್ಯಾಕೆಟ್ಟಿನಲ್ಲಿ ಮಾರುವ "ಮಣ್ಣಿನ ಜೀವಾಣು"ಗಳನ್ನು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬಹುದು. ಇವಕ್ಕೆ ನನ್ನ ಹೊಲದಲ್ಲಿ ಊಟ ಏನಿದೆ? ಊಟ ಇಲ್ಲದ ಮನೆಗೆ ನೆಂಟರನ್ನು ಕರೆದರೆ ಅವರೂ ಹಸಿದು ಮಲಗುತ್ತಾರೆ. ಒಂದು ವಿನಾಯಿತಿ ಉಂಟು. ಆ ಹೊಲದಲ್ಲಿ ಹಿಂದೆ ಎಂದೂ ಬೆಳೆಯದ ದ್ವಿದಳ ಬೆಳೆಯನ್ನು ಹೊಸದಾಗಿ ಹಾಕುವಾಗ ಅದಕ್ಕೆ ತಕ್ಕ ಬೇರುಗಂಟಿನ ಬ್ಯಾಕ್ಟೀರಿಯಾವನ್ನು (ರೈಜೋಬಿಯಂ) ಬೀಜಕ್ಕೆ ಲೇಪಿಸಿ ಬಿತ್ತುವುದು ಒಳ್ಳೆಯದು. ಅಲಸಂದೆ, ಹೆಸರು, ಹುರುಳಿ, ಅಪ್ಸೆಣಬಿಗೆ ಒಗ್ಗುವ ಬ್ಯಾಕ್ಟೀರಿಯಾ ಗುಂಪು ನಮ್ಮ ಮಣ್ಣಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಆಸ್ಟ್ರೇಲಿಯಾದ ಎರೆ ಹೊಲದಿಂದ ಒಂದು ಪಾಠ

ಬ್ಯಾಕ್ಟೀರಿಯಾ ನಿದ್ದೆ ಮಾಡಿ ಕಾಯಬಲ್ಲವು. ಬೇರಿನ ಜೊತೆ ಬಾಳುವ ಮೈಕೊರೈಜಾ ಶಿಲೀಂಧ್ರದ ಪಾಡು ಹಾಗಲ್ಲ. ಅದಕ್ಕೆ ಜೀವಂತ ಬೇರು ಬೇಕೇ ಬೇಕು. ಗಿಡದಿಂದ ಸಕ್ಕರೆ ಪಡೆದು, ಬದಲಿಗೆ ಬೇರು ಮುಟ್ಟಲಾಗದ ಮೂಲೆಗಳಿಂದ ರಂಜಕ, ಸತು ತಂದು ಕೊಡುತ್ತದೆ. ರಂಜಕ ಮಣ್ಣಿನಲ್ಲಿ ಹರಿದು ಬರುವ ವಸ್ತು ಅಲ್ಲ. ಬೇರಿನ ಪಕ್ಕದ ಒಂದೆರಡು ಮಿಲಿಮೀಟರ್ ಖಾಲಿಯಾದರೆ ಆಚೆಗಿನದು ಸಿಗುವುದಿಲ್ಲ. ಶಿಲೀಂಧ್ರದ ಎಳೆ ಆ ಕಂದಕ ದಾಟುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಬಾಗ್ಯರಾಜ್ ಅವರು ಈ ಶಿಲೀಂಧ್ರಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಮ್ಮ ಎರೆ ಭೂಮಿಯಂಥದ್ದೇ ಕಪ್ಪು ಜಿಗುಟು ಮಣ್ಣಿದೆ. ಅಲ್ಲಿಯ ರೈತರು ನೀರು ಉಳಿಸಲು ವರ್ಷಕ್ಕೂ ಹೆಚ್ಚು ಕಾಲ ನೆಲವನ್ನು ಕಳೆಯಿಲ್ಲದೆ ಬೋಳು ಬಿಡುತ್ತಿದ್ದರು. ಆಮೇಲೆ ಬಿತ್ತಿದ ಮೆಕ್ಕೆಜೋಳ, ಸೂರ್ಯಕಾಂತಿ, ಅಗಸೆ ಮಾತ್ರ ಕುಂಟುತ್ತಾ ಬೆಳೆಯುತ್ತಿದ್ದವು. ಮಣ್ಣಿನಲ್ಲಿ ನೀರಿತ್ತು, ಸಾರಜನಕವೂ ಇತ್ತು. ಗಿಡದಲ್ಲಿ ಕಾಣುತ್ತಿದ್ದುದು ರಂಜಕ ಮತ್ತು ಸತುವಿನ ಕೊರತೆ. 1980ರ ದಶಕದಲ್ಲಿ ಕಾರಣ ಗೊತ್ತಾಯಿತು. ಬೇರಿಲ್ಲದೆ ಮೈಕೊರೈಜಾ ಕುಸಿದುಹೋಗಿತ್ತು. ಅದಕ್ಕೆ 'ದೀರ್ಘ ಬೀಡಿನ ಕಾಯಿಲೆ' ಅಂತಲೇ ಹೆಸರು ಬಂತು.

ವಿಜಯಪುರ, ಬಾಗಲಕೋಟೆ ಕಡೆಯ ಹಿಂಗಾರಿ ಜೋಳದ ಹೊಲಗಳಲ್ಲಿ ಬೀಡಿನ ಕಾಲ ಅಷ್ಟು ಉದ್ದ ಇರುವುದಿಲ್ಲ, ಏಳೆಂಟು ತಿಂಗಳು. ಹಾಗಾಗಿ ಅಲ್ಲಿಯ ಪಾಠವನ್ನು ಇಲ್ಲಿ ಹಾಗೇ ಅಂಟಿಸುವಂತಿಲ್ಲ. ಆದರೂ ಸತು ಕೊರತೆ ನಮಗೂ ಹೊಸದಲ್ಲ. 2009ರಲ್ಲಿ ಶುರುವಾದ 'ಭೂಚೇತನ' ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ರಾಜ್ಯದ ತುಂಬ ಕಂಡಿತ್ತು. ಪರಿಹಾರವಾಗಿ ಚೀಲದಲ್ಲಿ ಸತು ಕೊಟ್ಟೆವು. ತಪ್ಪೇನಿಲ್ಲ. ಆದರೆ ಇದ್ದ ಸತುವನ್ನು ಗಿಡಕ್ಕೆ ಹೊತ್ತು ತರುವ ಕೂಲಿಯಾಳಿನ ಹೊಟ್ಟೆಪಾಡು ಏನಾಯಿತು ಅಂತ ಕೇಳಿದವರು ಕಡಿಮೆ.

ಒಂದು ಎಚ್ಚರಿಕೆ. ಸಾಸಿವೆ, ಮೂಲಂಗಿ ಜಾತಿಯ ಗಿಡಗಳು ಮೈಕೊರೈಜಾ ಜೊತೆ ಸಂಬಂಧ ಬೆಳೆಸುವುದಿಲ್ಲ. ಹೊರದೇಶದ ವಿಡಿಯೋ ನೋಡಿ ಬರೀ ಅದನ್ನೇ ಹೊದಿಕೆಯಾಗಿ ಬಿತ್ತಿದರೆ ಈ ಕೆಲಸ ಆಗುವುದಿಲ್ಲ.

ತೊಗರಿಯ ಕಥೆ ಇದಕ್ಕಿಂತ ಚೆಂದ. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣದ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಹೆಚ್ಚಿನ ಬೆಳೆಗಳಿಗೆ ಅದು ಬೀಗ ಹಾಕಿದ ಕಣಜ. ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಒಣಬೇಸಾಯ ಸಂಶೋಧನಾ ಕೇಂದ್ರ ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು 1990ರಲ್ಲಿ ಒಂದು ವಿಷಯ ಪ್ರಕಟಿಸಿದರು. ತೊಗರಿ ಬೇರು ಒಸರುವ ಒಂದು ಬಗೆಯ ಆಮ್ಲ ಕಬ್ಬಿಣವನ್ನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ (ಮುಖ್ಯ ಬೆಳೆಯ ನಡುವಿನ ಬೇರೆ ಬೆಳೆಯ ಸಾಲು) ತೊಗರಿ, ಅವರೆ ಹಾಕುತ್ತಿದ್ದ ನಮ್ಮವರಿಗೆ ಆಮ್ಲದ ಹೆಸರು ಗೊತ್ತಿರಲಿಲ್ಲ. ರಾಗಿ ಕೊಯ್ದ ಮೇಲೂ ತೊಗರಿ, ಅವರೆ ಹಸಿರಾಗಿ ನಿಂತು ಹೊಲದ ಉಪವಾಸವನ್ನು ಒಂದೆರಡು ತಿಂಗಳು ಮುಂದೂಡುತ್ತಿದ್ದವು. ಕಟಾವು ಯಂತ್ರ ಬಂದ ಮೇಲೆ ಅಕ್ಕಡಿ ಸಾಲು ಅಡ್ಡಿಯಾಯಿತು, ಹಲವು ಕಡೆ ಮಾಯವಾಯಿತು.

ನಾರಾಗುವ ಮೊದಲು

ಹೊದಿಕೆ ಬೆಳೆ ಹಾಕಿ ಕೈಸುಟ್ಟುಕೊಂಡವರೂ ಇದ್ದಾರೆ. ಸಾಮಾನ್ಯ ದೂರು ಒಂದೇ: ಮಣ್ಣಿಗೆ ಸೇರಿಸಿದ ಮೇಲೆ ಮುಂದಿನ ಬೆಳೆ ಹಳದಿ ತಿರುಗಿತು. ಇದಕ್ಕೆ ಕಾರಣ ಸೂಕ್ಷ್ಮಜೀವಿಗಳ ಊಟದ ಹದ.

ಬ್ಯಾಕ್ಟೀರಿಯಾದ ಮೈಯಲ್ಲಿ ಇಂಗಾಲ ಮತ್ತು ಸಾರಜನಕ ಸುಮಾರು 8ಕ್ಕೆ 1ರಂತೆ ಇರುತ್ತವೆ. ಉಸಿರಾಟಕ್ಕೆ ಸುಡುವ ಇಂಗಾಲವನ್ನೂ ಸೇರಿಸಿದರೆ ಅದಕ್ಕೆ ಬೇಕಾದ ಊಟ ಸುಮಾರು 24ಕ್ಕೆ 1. ಎಳೆಯ ದ್ವಿದಳ ಸೊಪ್ಪಿನಲ್ಲಿ ಇದು 20ಕ್ಕಿಂತ ಕೆಳಗೇ ಇರುತ್ತದೆ. ಅಂದರೆ ಉಂಡು ಮಿಕ್ಕಿದ ಸಾರಜನಕ ಬೆಳೆಗೆ ಸಿಗುತ್ತದೆ. ಒಣ ಹುಲ್ಲಿನಲ್ಲಿ 80ರ ಆಸುಪಾಸು. ಅದನ್ನು ತಿನ್ನಲು ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ಎಳೆದುಕೊಳ್ಳುತ್ತವೆ, ಬೆಳೆ ಹಸಿದು ನಿಲ್ಲುತ್ತದೆ.

ಅಪ್ಸೆಣಬು ಮೂಲತಃ ಹಗ್ಗದ ನಾರಿನ ಗಿಡ. ಬಿತ್ತಿದ 45-50 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಕಾಂಡ ಮೆತ್ತಗಿರುತ್ತದೆ. ಇನ್ನು ಮೂರು ವಾರ ಬಿಟ್ಟರೆ ಹಗ್ಗ ಹೊಸೆಯಬಹುದು. ಆಳು ಸಿಗಲಿಲ್ಲ, ಟ್ರ್ಯಾಕ್ಟರ್ ಬರಲಿಲ್ಲ ಅಂತ ತಡವಾದರೆ ಹಸಿರೆಲೆ ಗೊಬ್ಬರ ಅನ್ನುವುದು ಒಣಹುಲ್ಲಾಗಿರುತ್ತದೆ. ಕೈಯಲ್ಲಿ ಮುರಿದು ನೋಡಿ. ಟಕ್ ಅಂತ ಮುರಿದರೆ ಸರಿ, ನಾರು ಜಗ್ಗಿದರೆ ಹೊತ್ತು ಮೀರಿದೆ.

ಹಾಗಂತ ಇವತ್ತು ಸೇರಿಸಿ ನಾಳೆ ಬಿತ್ತುವುದೂ ಬೇಡ. ಹಸಿ ಸೊಪ್ಪು ಕೊಳೆಯುವ ಮೊದಲ ಒಂದೆರಡು ವಾರ ಪೈಥಿಯಂನಂಥ ಸಸಿ ಕೊಳೆಸುವ ರೋಗಾಣುಗಳಿಗೂ ಹಬ್ಬ. ಎಲ್ಲರಿಗೂ ಊಟ ಹಾಕಿದಾಗ ಕಳ್ಳರೂ ಪಂಕ್ತಿಯಲ್ಲಿ ಕೂರುತ್ತಾರೆ. ಹತ್ತು-ಹದಿನೈದು ದಿನ ಬಿಟ್ಟರೆ ಆ ಗದ್ದಲ ಇಳಿಯುತ್ತದೆ. ಅದೇ ಅಪ್ಸೆಣಬು ಬೇರುಗಂಟು ರೋಗ ತರುವ ಜಂತುಹುಳುವಿಗೆ ಒಗ್ಗದ ಗಿಡ ಕೂಡ. ಟೊಮೆಟೊ ಬೆಳೆಯುವವರಿಗೆ ಇದು ಬರೀ ಗೊಬ್ಬರಕ್ಕಿಂತ ದೊಡ್ಡ ಲಾಭ. ಹೊದಿಕೆ ಬೆಳೆಯನ್ನು ಕೊಲ್ಲುವ ಬಗೆಯೂ ಮುಖ್ಯ. ಮೇಲೆ ಹೇಳಿದ 2020ರ ವಿಶ್ಲೇಷಣೆಯಲ್ಲೇ, ಕಳೆನಾಶಕ ಹೊಡೆದು ಹೊದಿಕೆ ಬೆಳೆ ಸಾಯಿಸಿದ ಕಡೆ ಸೂಕ್ಷ್ಮಜೀವಿಗಳಿಗೆ ಆದ ಲಾಭ ಕಡಿಮೆ ಇತ್ತು.

ನೀರು ಯಾರ ಪಾಲಿನದು?

ಈಗ ನಿಜವಾದ ಕಷ್ಟದ ಮಾತು. ಹೊದಿಕೆ ಬೆಳೆಯೂ ನೀರು ಕುಡಿಯುತ್ತದೆ.

ಅಮೆರಿಕದಲ್ಲಿ 2022ರ ಹೊತ್ತಿಗೆ ಸುಮಾರು 1.8 ಕೋಟಿ ಎಕರೆಯಲ್ಲಿ ಹೊದಿಕೆ ಬೆಳೆ ಇತ್ತು. ಸರ್ಕಾರ ಅದಕ್ಕೆ ದುಡ್ಡು ಕೊಡುತ್ತದೆ. ಅಲ್ಲಿಯ ಮೆಕ್ಕೆಜೋಳ ಸೀಮೆಯ ಹೊಲಗಳನ್ನು ಉಪಗ್ರಹ ಚಿತ್ರದಿಂದ ಅಳೆದ ಸ್ಟ್ಯಾನ್‌ಫರ್ಡ್ ಸಂಶೋಧಕರಿಗೆ ಸಿಕ್ಕ ಉತ್ತರ ಇರುಸುಮುರುಸಿನದು. ಹೊದಿಕೆ ಬೆಳೆ ಹಾಕಿದ ಹೊಲಗಳಲ್ಲಿ ಮೆಕ್ಕೆಜೋಳದ ಇಳುವರಿ ಸರಾಸರಿ 5.5%, ಸೋಯಾದ್ದು 3.5% ಕಡಿಮೆ. ಅಲ್ಲಿ ಹೆಚ್ಚಾಗಿ ಹಾಕುವುದು ರೈ ಎಂಬ ಹುಲ್ಲುಜಾತಿಯ ಬೆಳೆ. ನೀರು ಮತ್ತು ಸಾರಜನಕದ ಜಗಳ ಎರಡೂ ಅಲ್ಲಿವೆ. ಅಷ್ಟು ಮಳೆ ಬೀಳುವ, ಅಷ್ಟು ಆಳದ ಮಣ್ಣಿನಲ್ಲೇ ಹೀಗಾದರೆ ಚಿತ್ರದುರ್ಗದ ತೆಳು ಮಣ್ಣಿನಲ್ಲಿ "365 ದಿನ ಹಸಿರು" ಅನ್ನುವ ಘೋಷಣೆಯನ್ನು ಕಣ್ಣುಮುಚ್ಚಿ ನಂಬಲು ನನಗಂತೂ ಆಗುವುದಿಲ್ಲ.

ಪಕ್ಕದ ಆಂಧ್ರದ ನೈಸರ್ಗಿಕ ಕೃಷಿ ಕಾರ್ಯಕ್ರಮದಲ್ಲಿ ಬೀಜಕ್ಕೆ ಮಣ್ಣು, ಸಗಣಿ, ಬೂದಿಯ ಲೇಪ ಕೊಟ್ಟು ಮುಂಗಾರಿಗೆ ಮೊದಲೇ ಒಣ ನೆಲದಲ್ಲಿ ಹತ್ತಾರು ಬಗೆಯ ಕಾಳುಗಳನ್ನು ಬಿತ್ತುತ್ತಾರೆ. ಅನಂತಪುರದಂಥ ಒಣ ಜಿಲ್ಲೆಯಲ್ಲೂ ಮಾಡುತ್ತಾರೆ. ಬೇಸಿಗೆಯ ಬಿಡಿ ಮಳೆ ಹಿಡಿಯುವ ಜಾಣತನ ಅದರಲ್ಲಿದೆ, ಅದನ್ನು ಮೆಚ್ಚುತ್ತೇನೆ. ಆದರೆ ಬರೀ ಇಬ್ಬನಿಯಲ್ಲಿ ಬೆಳೆ ಬರುತ್ತದೆ ಅನ್ನುವಷ್ಟು ದೂರ ಹೋಗುವುದು ಬೇಡ. ಮಳೆ ಬೇಕು.

ದಕ್ಷಿಣ ಕರ್ನಾಟಕಕ್ಕೆ ಆ ಮಳೆ ಇದೆ. ನಮ್ಮಲ್ಲಿ ಮಳೆಗೆ ಎರಡು ತಲೆ: ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ ಒಂದು, ಸೆಪ್ಟೆಂಬರ್-ಅಕ್ಟೋಬರ್ ಮಳೆ ಇನ್ನೊಂದು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ. ಭರಣಿ, ಕೃತ್ತಿಕೆಯ ನೀರು ಬೋಳು ನೆಲದಲ್ಲಿ ಬಹುಪಾಲು ಆವಿಯಾಗಿ, ಹರಿದು ಹೋಗುತ್ತದೆ. ರಾಗಿಗೆ ಅದು ಹೇಗೂ ಸಿಗುವುದಿಲ್ಲ. ಆ ನೀರಿನಲ್ಲಿ ಅಲಸಂದೆ ಅಥವಾ ಅಪ್ಸೆಣಬು ಬಿತ್ತಿದರೆ ಯಾರ ಪಾಲನ್ನೂ ಕದ್ದಂತಾಗುವುದಿಲ್ಲ. ಮೇ ತಿಂಗಳಲ್ಲಿ ಅಲಸಂದೆ, ಆಗಸ್ಟ್‌ನಲ್ಲಿ ನಾಟಿ ರಾಗಿ ಎನ್ನುವ ಪದ್ಧತಿಯನ್ನು ಬೆಂಗಳೂರಿನ ಒಣಬೇಸಾಯ ವಿಜ್ಞಾನಿಗಳು ಬಹಳ ಹಿಂದೆಯೇ ಸೂಚಿಸಿದ್ದಾರೆ. ಎರೆ ಹೊಲದಲ್ಲಿ ಮುಂಗಾರಿನ ಹೆಸರು, ಆಮೇಲೆ ಹಿಂಗಾರಿ ಜೋಳ ಅನ್ನುವುದೂ ಇದೇ ಲೆಕ್ಕ. ಆದರೆ ಅಲ್ಲಿ ಮಳೆ ಕಡಿಮೆ ಬಿದ್ದ ವರ್ಷ ಹೆಸರು ಕುಡಿದ ನೀರು ಜೋಳದ ಬಾಯಿಂದ ಕಿತ್ತದ್ದೇ. ಅಲ್ಲಿ ಕಣ್ಣಳತೆ ಬೇಕು. ಆಗಸ್ಟ್ ಕೊನೆಗೆ ಮಣ್ಣು ಆಳದವರೆಗೆ ನೆನೆದಿಲ್ಲ ಅಂದರೆ ಹೊದಿಕೆಯನ್ನು ಬೇಗ ಕೊಯ್ದು ಮುಚ್ಚಿಗೆಯಾಗಿ ಮಲಗಿಸುವುದೇ ಜಾಣತನ.

ತೋಟದವರಿಗೆ ಈ ತಲೆನೋವು ಅಷ್ಟಿಲ್ಲ. ಸುಳ್ಯ, ಪುತ್ತೂರು ಕಡೆಯ ಎಳೆ ರಬ್ಬರ್ ತೋಟಗಳಲ್ಲಿ ಮ್ಯುಕುನಾ ಬಳ್ಳಿ ಹಬ್ಬಿ ನೆಲ ಕಾಣದಂತೆ ಮುಚ್ಚುವುದು ಮಾಮೂಲು. ದನ ಅದನ್ನು ತಿನ್ನುವುದಿಲ್ಲ, ಅದೂ ಒಂದು ಅನುಕೂಲ. ಗದ್ದೆಯವರಿಗೆ ಡಯಾಂಚ ಎಂಬ ದ್ವಿದಳ ಹಸಿರೆಲೆ ಗಿಡ ಇದೆ. ಅದರ ಒಂದು ಜಾತಿಯಲ್ಲಿ ಬೇರಿನಲ್ಲಷ್ಟೇ ಅಲ್ಲ, ಕಾಂಡದ ಮೇಲೂ ಗಂಟು ಬರುತ್ತದೆ, ನೀರು ನಿಂತರೂ ಸಾರಜನಕ ಹಿಡಿಯುತ್ತದೆ. ನೀರು ನಿಂತ ಗದ್ದೆಯಲ್ಲಿ ಹಸಿ ಸೊಪ್ಪು ಕೊಳೆತರೆ ಮೀಥೇನ್ ಜಾಸ್ತಿ ಹೊರಡುತ್ತದೆ ಅನ್ನುವುದನ್ನೂ ಹೇಳಿಬಿಡಬೇಕು.

ಇಂಗಾಲದ ಮಾತೂ ಈಗ ಜೋರಾಗಿದೆ. 2015ರ ಒಂದು ದೊಡ್ಡ ವಿಶ್ಲೇಷಣೆ ಪ್ರಕಾರ ಹೊದಿಕೆ ಬೆಳೆ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 0.32 ಟನ್ ಇಂಗಾಲವನ್ನು ಮಣ್ಣಿಗೆ ಸೇರಿಸುತ್ತದೆ. ಆ ಪ್ರಯೋಗಗಳು ಬಹುಪಾಲು ತಂಪು ದೇಶಗಳವು. ನಮ್ಮ ಸೆಕೆಯಲ್ಲಿ ಸೂಕ್ಷ್ಮಜೀವಿಗಳು ಬೇಗ ತಿಂದು ಬೇಗ ಉಸಿರುಬಿಡುತ್ತವೆ. ಆ ಅಂಕಿ ತೋರಿಸಿ ಕಾರ್ಬನ್ ಕ್ರೆಡಿಟ್ (ಮಣ್ಣಿಗೆ ಸೇರಿದ ಇಂಗಾಲಕ್ಕೆ ದುಡ್ಡು ಕೊಡುವ) ಒಪ್ಪಂದಕ್ಕೆ ಸಹಿ ಕೇಳಿದರೆ ಎರಡು ಸಲ ಓದಿ.

ಕಾರ್ಡಿನಲ್ಲಿ ಇಲ್ಲದ ಕಾಲಂ

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಕಣಜದಲ್ಲಿ ಏನೇನಿದೆ ಅನ್ನುವ ಪಟ್ಟಿ ಇದು. ಕಣಜದಿಂದ ತೆಗೆದು ಬಡಿಸುವವರು ಇದ್ದಾರಾ, ಸತ್ತಿದ್ದಾರಾ ಅಂತ ಹೇಳುವ ಒಂದೇ ಒಂದು ಕಾಲಂ ಇಲ್ಲ. ಹೆಸರು ಮಾತ್ರ ಆರೋಗ್ಯ ಕಾರ್ಡ್. ಅಳೆಯದ್ದಕ್ಕೆ ಸಬ್ಸಿಡಿ ಬರುವುದಿಲ್ಲ, ಅಳೆಯದ್ದನ್ನು ರೈತನ ಲೆಕ್ಕಕ್ಕೂ ಸೇರಿಸಲಾಗುವುದಿಲ್ಲ. ತಕ್ಕಡಿ ತಪ್ಪು ಅಂತ ಮೊದಲಿಗೆ ಹೇಳಿದ್ದು ಇದನ್ನೇ.

ಲ್ಯಾಬ್ ಇಲ್ಲದೆಯೂ ನೋಡಲು ದಾರಿಗಳಿವೆ. ಅಮೆರಿಕ, ಕೆನಡಾದ ರೈತರು ಹೊಸ ಹತ್ತಿ ಚಡ್ಡಿಯನ್ನು ಹೊಲದಲ್ಲಿ ಹೂತು ಎರಡು ತಿಂಗಳ ಮೇಲೆ ತೆಗೆದು ನೋಡುತ್ತಾರೆ. ನಗಬೇಡಿ, ಸರಿಯಾದ ಪರೀಕ್ಷೆಯೇ. ಜೀವ ಇರುವ ಮಣ್ಣಿನಲ್ಲಿ ಸೊಂಟದ ಎಲಾಸ್ಟಿಕ್ ಬಿಟ್ಟು ಏನೂ ಉಳಿದಿರುವುದಿಲ್ಲ. ನಮಗೆ ಹಳೆಯ ಹತ್ತಿ ಪಂಚೆಯ ತುಂಡು ಸಾಕು. ಒಂದನ್ನು ಹೊದಿಕೆ ಬೆಳೆಯ ಕೆಳಗೆ, ಇನ್ನೊಂದನ್ನು ಪಕ್ಕದ ಬೋಳು ನೆಲದಲ್ಲಿ, ಅಷ್ಟೇ ಆಳದಲ್ಲಿ ಹೂಳಿ.

ಇನ್ನೊಂದು ಪರೀಕ್ಷೆಗೆ ಉಗುರು ಸಾಕು. ಅಲಸಂದೆ ಬಿತ್ತಿದ ಐದಾರು ವಾರಕ್ಕೆ ಒಂದು ಗಿಡವನ್ನು ಗುದ್ದಲಿಯಿಂದ ಬೇರು ಸಮೇತ ಎತ್ತಿ, ಗಂಟನ್ನು ಸೀಳಿ. ಒಳಗೆ ಕೆಂಪಗಿದ್ದರೆ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ. ಬೆಳ್ಳಗೋ ಹಸಿರೋ ಇದ್ದರೆ ಬಾಡಿಗೆದಾರ ಮನೆಯಲ್ಲಿದ್ದಾನೆ, ಬಾಡಿಗೆ ಕೊಡುತ್ತಿಲ್ಲ.

ಇಡೀ ಹೊಲಕ್ಕೆ ಒಮ್ಮೆಲೇ ಮಾಡುವ ಅಗತ್ಯವೂ ಇಲ್ಲ. ನಾಲ್ಕು ಎಕರೆ ಇದ್ದರೆ ವರ್ಷಕ್ಕೆ ಒಂದು ಎಕರೆ. ಅಕ್ಕಪಕ್ಕದ ನಾಲ್ಕು ಜನ ಒಂದೇ ಕಡೆ ಸೇರಿ ಹಾಕಿದರೆ ಬೇಸಿಗೆಯಲ್ಲಿ ಬಿಟ್ಟ ದನ, ಕುರಿಗಳ ಕಾವಲೂ ಹಂಚಿಕೆಯಾಗುತ್ತದೆ. ಒಬ್ಬನ ಹೊಲ ಮಾತ್ರ ಹಸಿರಿದ್ದರೆ ಊರಿನ ಮಂದೆಯೆಲ್ಲ ಅಲ್ಲೇ. ಕೋರಿಗೆ (ಪಾಲಿಗೆ), ಲಾವಣಿಗೆ (ಗೇಣಿಗೆ) ಹೊಲ ಮಾಡುವವನು ಮುಂದಿನ ವರ್ಷ ಯಾರ ಕೈಗೋ ಹೋಗುವ ಮಣ್ಣಿಗೆ ಯಾಕೆ ಊಟ ಹಾಕಬೇಕು ಅನ್ನುವ ಪ್ರಶ್ನೆಗೆ ಮಾತ್ರ ಬೇಸಾಯ ಶಾಸ್ತ್ರದಲ್ಲಿ ಉತ್ತರ ಇಲ್ಲ.

ಇನ್ನು ಸರ್ಕಾರ ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಭರಣಿ ಮಳೆ ಶುರುವಾಗುವುದು ಏಪ್ರಿಲ್ ಕೊನೆಗೆ. ಅಲಸಂದೆ, ಅಪ್ಸೆಣಬಿನ ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಇರಬೇಕಾದ್ದು ಅದಕ್ಕೂ ಎರಡು ವಾರ ಮೊದಲು. ಜೂನ್‌ನಲ್ಲಿ ಮುಂಗಾರಿನ ಬಿತ್ತನೆ ಬೀಜದ ಜೊತೆಗೇ ಅದೂ ಬಂದರೆ, ಆ ಹೊತ್ತಿಗೆ ರಾಗಿ ಹೊಲ ಇನ್ನೊಂದು ವರ್ಷದ ಉಪವಾಸ ಮುಗಿಸಿರುತ್ತದೆ.